ನೀಲಿ ಚುಕ್ಕೆಯ ಪೆಟ್ಟಿಗೆ: ಒಂದು ರೇಡಿಯೊಗ್ರಾಮ್ ಹೇಳುವ ಚರಿತ್ರೆ

ಬೀಡಿ ಕಟ್ಟು, ಬೆಂಕಿಪೊಟ್ಟಣ, ಊದುಬತ್ತಿ, ಗೊಬ್ಬರದ ಚೀಲ. ಓದು ಬಾರದ ನಮ್ಮ ಹಿರಿಯರು ಇವನ್ನೆಲ್ಲ ಚಿತ್ರ ನೋಡಿಯೇ ಕೊಳ್ಳುತ್ತಿದ್ದರು. ಕಂಪನಿಯ ಹೆಸರು ಯಾರಿಗೆ ಬೇಕಿತ್ತು? ಮಾರ್ಕು ಸರಿಯಿದ್ದರೆ ಮಾಲು ಸರಿ. ಎಚ್‌ಎಂವಿ ಗ್ರಾಮಾಫೋನ್ ಪ್ಲೇಟು ಹಳ್ಳಿಗಳಲ್ಲಿ ‘ನಾಯಿ ಮಾರ್ಕು’ ಆಗಿದ್ದು ಹೀಗೆಯೇ.

ಇವತ್ತು ನಾವು ಹೇಳಹೊರಟಿರುವುದು ಅಂಥದೇ ಇನ್ನೊಂದು ಮಾರ್ಕಿನ ಕಥೆ. ಅದು ಬರೀ ಒಂದು ನೀಲಿ ಚುಕ್ಕೆ. ಹುಟ್ಟಿದ್ದು ಜರ್ಮನಿಯ ಬರ್ಲಿನ್ ನಗರದಲ್ಲಿ. ಅದಕ್ಕೆ ನಿಜವಾದ ಮರ್ಯಾದೆ ಸಿಕ್ಕಿದ್ದು ಲಂಡನ್ನಿನ ಬಡ ಬೀದಿಗಳಲ್ಲಿ, ಜಮೈಕಾ, ಬಾರ್ಬಡೋಸ್‌ಗಳಿಂದ ಕೂಲಿಗೆ ಬಂದ ಕಪ್ಪು ಜನರ ಮನೆಗಳಲ್ಲಿ. ಆ ಚುಕ್ಕೆ ಅಂಟಿಕೊಂಡಿದ್ದ ವಸ್ತುವಿನ ಹೆಸರು ರೇಡಿಯೊಗ್ರಾಮ್. ಹಳೆಯ ಪೆಟ್ಟಿಗೆಯೊಂದರ ಸ್ಪೀಕರ್ ಹೇಗಿತ್ತು, ಅದರ ಮೇಲೆ ಯಾರ ಹೆಸರಿತ್ತು ಎಂದು ಹುಡುಕುತ್ತ ಹೋದರೆ ಯುದ್ಧ, ವಲಸೆ, ಅವಮಾನ, ಹಟ ಎಲ್ಲವೂ ಎದುರಾಗುತ್ತವೆ.

ರೇಡಿಯೊಗ್ರಾಮ್ ಎಂದರೆ ಏನು?

ರೇಡಿಯೊ ಮತ್ತು ಗ್ರಾಮಾಫೋನ್ ಎರಡನ್ನೂ ಒಂದೇ ಮರದ ಪೆಟ್ಟಿಗೆಯಲ್ಲಿ ಕೂರಿಸಿದರೆ ಅದು ರೇಡಿಯೊಗ್ರಾಮ್. ಮುಚ್ಚಳ ಎತ್ತಿದರೆ ಒಂದು ಕಡೆ ಪ್ಲೇಟು ತಿರುಗಿಸುವ ಚಕ್ರ, ಇನ್ನೊಂದು ಕಡೆ ಸ್ಟೇಷನ್ ಹುಡುಕುವ ಗಾಜಿನ ಪಟ್ಟಿ. ಕೆಳಗೆ ಬಟ್ಟೆಯ ಹಿಂದೆ ಸ್ಪೀಕರು. ದೊಡ್ಡದಾದರೆ ಬಟ್ಟೆಯ ಬೀರುವನ್ನು ಅಡ್ಡ ಮಲಗಿಸಿದಷ್ಟು ಗಾತ್ರ.

ಮೊದಮೊದಲು ಗ್ರಾಮಾಫೋನಿಗೆ ಕರೆಂಟೇ ಬೇಕಿರಲಿಲ್ಲ. ಕೈಯಿಂದ ಕೀಲಿ ತಿರುಗಿಸಬೇಕು, ಮುಳ್ಳಿನ ಅದುರು ಕಹಳೆಯ ಮೂಲಕ ಹೊರಗೆ ಬರಬೇಕು. 1925ರಲ್ಲಿ ಎರಡು ದೊಡ್ಡ ಬದಲಾವಣೆ ಆದವು. ಮೈಕ್ ಇಟ್ಟು ವಿದ್ಯುತ್ತಿನಿಂದ ಹಾಡು ಮುದ್ರಿಸುವುದು ಶುರುವಾಯಿತು. ಅದೇ ವರ್ಷ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಕಾಗದದ ಶಂಕು, ತಂತಿಯ ಸುರುಳಿ, ಅಯಸ್ಕಾಂತ ಸೇರಿಸಿದ ಸ್ಪೀಕರಿನ ಮಾದರಿಯನ್ನು ಪ್ರಕಟಿಸಿದರು. ಇವತ್ತು ನಿಮ್ಮ ಟ್ರ್ಯಾಕ್ಟರಿನಲ್ಲಿ ಕೂಗುವ ಸ್ಪೀಕರು ಅದೇ ವಂಶದ್ದು. ರೇಡಿಯೊಗೂ ಪ್ಲೇಟಿಗೂ ಒಂದೇ ಆಂಪ್ಲಿಫೈಯರ್, ಒಂದೇ ಸ್ಪೀಕರ್ ಸಾಕು ಎಂದಾದ ಮೇಲೆ ಎರಡನ್ನೂ ಒಟ್ಟಿಗೆ ಸೇರಿಸಿ ಮಾರುವುದು ಸುಲಭವಾಯಿತು. 1930ರ ದಶಕದಲ್ಲಿ ಅದು ಯುರೋಪಿನ ಶ್ರೀಮಂತರ ಮನೆಯ ಸಾಮಾನು.

ನಮ್ಮಲ್ಲಿ ಅದೇ ದಶಕದಲ್ಲಿ, 1935ರಲ್ಲಿ, ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಪುಟ್ಟ ಬಾನುಲಿ ಕೇಂದ್ರ ಶುರು ಮಾಡಿದ್ದರು. ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶಕ್ಕೆ ಸಿಕ್ಕಿದ್ದು ಅಲ್ಲಿಂದ. ಆದರೆ ಊರಿಗೊಂದು ರೇಡಿಯೊ ಇದ್ದರೆ ಅದೇ ಹೆಚ್ಚು ಎನ್ನುವ ಕಾಲ ಅದು. ರೇಡಿಯೊಗ್ರಾಮ್ ನಮ್ಮಲ್ಲಿ ಬಹುಕಾಲ ಸಾಹುಕಾರರ ಬಂಗಲೆಯ, ಕ್ಲಬ್ಬಿನ ವಸ್ತುವಾಗಿಯೇ ಉಳಿಯಿತು.

ಹಾಗಿದ್ದರೂ ಆ ಕಾಲದ ಪ್ಲೇಟಿನಲ್ಲಿ ನಮ್ಮ ನೆಲದ ಪಾಲು ಇತ್ತು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ಪ್ಲೇಟುಗಳಿಗೆ ಅಂಟು ಕೊಡುತ್ತಿದ್ದುದು ಅರಗು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುತ್ತಾರಲ್ಲ, ಅದೇ ಅರಗು. ಮರದ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಕಟ್ಟುವ ಆ ಅರಗು ಜಗತ್ತಿಗೆ ಹೋಗುತ್ತಿದ್ದುದು ಹೆಚ್ಚಾಗಿ ಭಾರತದ ಕಾಡುಗಳಿಂದ. ಎರಡನೇ ಮಹಾಯುದ್ಧದಲ್ಲಿ ಅದರ ಪೂರೈಕೆ ಕಷ್ಟವಾಗಿ, 1942ರಲ್ಲಿ ಅಮೆರಿಕ ಸರ್ಕಾರ ಪ್ಲೇಟು ತಯಾರಿಕೆಗೆ ಅರಗು ಬಳಸುವುದಕ್ಕೇ ಕಡಿವಾಣ ಹಾಕಿತು. ಯುದ್ಧದ ನಂತರ 1948ರಲ್ಲಿ ಬಂದ ಎಲ್‌ಪಿ ಪ್ಲೇಟು ವಿನೈಲ್ ಎಂಬ ಪ್ಲಾಸ್ಟಿಕ್ಕಿನದು.

ಚುಕ್ಕೆ ಹುಟ್ಟಿದ ಬಗೆ

ಜರ್ಮನಿಯಲ್ಲಿ ಸಾರ್ವಜನಿಕ ರೇಡಿಯೊ ಪ್ರಸಾರ ಶುರುವಾಗಿದ್ದು 1923ರ ಅಕ್ಟೋಬರಿನಲ್ಲಿ, ಬರ್ಲಿನ್ನಿನಿಂದ. ಆಗಿನ ಸಾಮಾನ್ಯ ಜನರ ರೇಡಿಯೊದಲ್ಲಿ ಸ್ಪೀಕರ್ ಇರಲಿಲ್ಲ. ಶಬ್ದ ಹಿಗ್ಗಿಸುವಷ್ಟು ಶಕ್ತಿ ಅದಕ್ಕಿರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕಿತ್ತು. ಹೆಡ್‌ಫೋನ್ ಕೆಟ್ಟದಾದರೆ ರೇಡಿಯೊ ಎಷ್ಟೇ ಒಳ್ಳೆಯದಿದ್ದರೂ ದಂಡ.

ಬರ್ಲಿನ್ನಿನಲ್ಲಿ ‘ಇದಿಯಾಲ್’ ಎಂಬ ಕಂಪನಿ ಹೆಡ್‌ಫೋನ್ ತಯಾರಿಸುತ್ತಿತ್ತು. ತಯಾರಾದ ಪ್ರತಿಯೊಂದನ್ನೂ ಪರೀಕ್ಷೆ ಮಾಡುವುದು, ಪಾಸಾದರೆ ಅದರ ಮೇಲೆ ಒಂದು ನೀಲಿ ಚುಕ್ಕೆ ಇಡುವುದು ಅವರ ಪದ್ಧತಿ. ಅದು ಗಿರಾಕಿಗಳಿಗಾಗಿ ಇಟ್ಟ ಗುರುತಲ್ಲ, ಕಾರ್ಖಾನೆಯ ಒಳಗಿನ ಲೆಕ್ಕ. ನಮ್ಮ ಸಂತೆಯಲ್ಲಿ ತೂಕ ಹಾಕಿದ ಚೀಲಕ್ಕೆ ಸುಣ್ಣದ ಗೀಟು ಎಳೆದ ಹಾಗೆ.

ಆದರೆ ಜನ ಜಾಣರು. ಚುಕ್ಕೆ ಇದ್ದದ್ದು ಚೆನ್ನಾಗಿ ಕೇಳುತ್ತದೆ ಎಂದು ಬಾಯಿಂದ ಬಾಯಿಗೆ ಹರಡಿತು. ಅಂಗಡಿಗೆ ಹೋಗಿ ಕಂಪನಿಯ ಹೆಸರು ಹೇಳುವ ಬದಲು ‘ನೀಲಿ ಚುಕ್ಕೆಯದು ಕೊಡಿ’ ಎಂದು ಕೇಳತೊಡಗಿದರು. 1924ರ ಹೊತ್ತಿಗೆ ಚುಕ್ಕೆಯೇ ಕಂಪನಿಯ ಟ್ರೇಡ್‌ಮಾರ್ಕ್ ಆಯಿತು. 1938ರಲ್ಲಿ ಕಂಪನಿಯೇ ತನ್ನ ಹೆಸರನ್ನು ‘ಬ್ಲೌಪುಂಕ್ಟ್’ ಎಂದು ಬದಲಿಸಿಕೊಂಡಿತು. ಜರ್ಮನ್ ಭಾಷೆಯಲ್ಲಿ ಬ್ಲೌ ಎಂದರೆ ನೀಲಿ, ಪುಂಕ್ಟ್ ಎಂದರೆ ಚುಕ್ಕೆ.

ನಾಯಿ ಮಾರ್ಕಿನ ಜೊತೆ ಹೋಲಿಸಿ ನೋಡಿ. ಅದು ಫ್ರಾನ್ಸಿಸ್ ಬರಾಡ್ ಎಂಬ ಇಂಗ್ಲಿಷ್ ಕಲಾವಿದ ಬಿಡಿಸಿದ ಚಿತ್ರ. ಮೊದಲು ಆ ನಾಯಿಯ ಮುಂದೆ ಇದ್ದದ್ದು ಬೇರೆ ಜಾತಿಯ ಯಂತ್ರ, ಫೋನೋಗ್ರಾಫ್. 1899ರಲ್ಲಿ ಗ್ರಾಮಾಫೋನ್ ಕಂಪನಿ ಚಿತ್ರವನ್ನು ಕೊಳ್ಳುವಾಗ, ಆ ಯಂತ್ರದ ಮೇಲೆ ಬಣ್ಣ ಬಳಿಸಿ ತನ್ನ ಗ್ರಾಮಾಫೋನನ್ನು ಬರೆಸಿತು. ಚಿತ್ರಕ್ಕೆ 50 ಪೌಂಡು, ಅದರ ಹಕ್ಕಿಗೆ 50 ಪೌಂಡು. ಅಂದರೆ ನಾಯಿ ಮಾರ್ಕು ಕಂಪನಿ ದುಡ್ಡು ಕೊಟ್ಟು ತಂದ ಮಾರ್ಕು. ನೀಲಿ ಚುಕ್ಕೆಯನ್ನು ಬೆಳೆಸಿದವರು ಗಿರಾಕಿಗಳು.

1933ರಲ್ಲಿ ಈ ಕಂಪನಿ ಬಾಷ್ ಸಂಸ್ಥೆಯ ಕೈಸೇರಿತು. ಬಾಷ್ ಎಂದರೆ ನಮಗೆ ದೂರದವರಲ್ಲ. 1951ರಲ್ಲಿ ಶುರುವಾದ ಬೆಂಗಳೂರಿನ ‘ಮೈಕೊ’ ಅದರದೇ ಕೂಸು. ಆಡುಗೋಡಿಯ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ನಮ್ಮ ಎಷ್ಟೋ ಟ್ರ್ಯಾಕ್ಟರು, ಲಾರಿಗಳಲ್ಲಿ ಓಡಿವೆ. ಹಿಟ್ಲರನ ಕಾಲದಲ್ಲಿ, ಯುದ್ಧದ ವರ್ಷಗಳಲ್ಲಿ, ಜರ್ಮನಿಯ ಇತರ ದೊಡ್ಡ ಕೈಗಾರಿಕೆಗಳಂತೆ ಬಾಷ್ ಕಾರ್ಖಾನೆಗಳಲ್ಲೂ ಹಿಡಿದು ತಂದ ಜನರಿಂದ ಬಲವಂತವಾಗಿ ದುಡಿಸಿಕೊಂಡದ್ದು ದಾಖಲಾಗಿದೆ. ಮಾರ್ಕಿನ ಚರಿತ್ರೆ ಹೇಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ.

ಸೋತ ದೇಶಕ್ಕೆ ಸಿಕ್ಕ ಒಳ್ಳೆಯ ಧ್ವನಿ

ಯುದ್ಧ ಮುಗಿಯಿತು, ಜರ್ಮನಿ ಸೋತಿತು. ಬ್ಲೌಪುಂಕ್ಟ್ ಬರ್ಲಿನ್ ಬಿಟ್ಟು ಹಿಲ್ಡೆಸ್‌ಹೈಮ್ ಎಂಬ ಊರಿನಲ್ಲಿ ನೆಲೆ ನಿಂತಿತು. ಅಲ್ಲಿಂದ ಮುಂದಿನ ಹತ್ತು ವರ್ಷಗಳಲ್ಲಿ ಜರ್ಮನ್ ರೇಡಿಯೊಗ್ರಾಮ್‌ಗಳು ಇಂಪಾದ ದನಿಗೆ ಹೆಸರಾದವು. ಇದಕ್ಕೆ ಒಂದು ಕಾರಣ ತಮಾಷೆಯದು. ಸೋತದ್ದೇ ಅವರಿಗೆ ಲಾಭವಾಯಿತು.

1948ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಯುರೋಪಿನ ದೇಶಗಳು ಸೇರಿ, ಮಧ್ಯಮ ತರಂಗದ ಜಾಗಗಳನ್ನು ಹಂಚಿಕೊಂಡವು. ಸೋತ ಜರ್ಮನಿಗೆ ಕೇಳುವ ಬಾಯಿಯಿರಲಿಲ್ಲ. ಅದರ ಪಾಲಿಗೆ ಬಂದದ್ದು ಅತಿ ಕಡಿಮೆ. ಅಣ್ಣತಮ್ಮಂದಿರ ಪಾಲಿನಲ್ಲಿ ನೀರಾವರಿ ಗದ್ದೆಯೆಲ್ಲ ಬೇರೆಯವರಿಗೆ ಹೋಗಿ, ಕೊನೆಯವನಿಗೆ ಖುಷ್ಕಿ ತುಂಡು ಸಿಕ್ಕ ಹಾಗೆ. ಬೇರೆ ದಾರಿಯಿಲ್ಲದೆ ಜರ್ಮನ್ನರು ಆಗಿನ್ನೂ ಯುರೋಪಿನಲ್ಲಿ ಯಾರೂ ಉಳದ ನೆಲಕ್ಕೆ ಇಳಿದರು. ಅದೇ ಎಫ್‌ಎಂ. 1949ರಲ್ಲಿ ಮ್ಯೂನಿಕ್ ನಗರದಿಂದ ಪ್ರಸಾರ ಆರಂಭವಾಯಿತು. ಬ್ರಿಟನ್ನಿನ ಬಿಬಿಸಿ ಎಫ್‌ಎಂಗೆ ಬಂದದ್ದು 1955ರಲ್ಲಿ.

ಮಧ್ಯಮ ತರಂಗದಲ್ಲಿ ಸ್ಟೇಷನ್‌ಗಳು ಒತ್ತೊತ್ತಾಗಿ ಕೂತಿರುವುದರಿಂದ, ಸೆಕೆಂಡಿಗೆ ಸುಮಾರು 4,500 ಕಂಪನಕ್ಕಿಂತ ಮೇಲಿನ ಸಣ್ಣ ಸ್ವರಗಳು ಕತ್ತರಿಸಿ ಹೋಗುತ್ತವೆ. ತಾಳದ ಕಿಣಿಕಿಣಿ, ಕೊಳಲಿನ ಉಸಿರು ಮಂಕಾಗುತ್ತವೆ. ಎಫ್‌ಎಂನಲ್ಲಿ 15,000ದವರೆಗೂ ಹೋಗಬಹುದು. ಆದರೆ ಆ ಸ್ವರ ಗಾಳಿಯಲ್ಲಿ ಬಂದರೆ ಸಾಲದು, ಮನೆಯ ಸ್ಪೀಕರು ಅದನ್ನು ನುಡಿಯಬೇಕು. ಹಾಗಾಗಿ ಜರ್ಮನ್ ಕಂಪನಿಗಳು ಸ್ಪೀಕರಿನ ಮೇಲೆ ಪೈಪೋಟಿಗೆ ಬಿದ್ದವು. ಗ್ರುಂಡಿಗ್, ಟೆಲಿಫಂಕನ್, ಸಾಬಾ, ಬ್ಲೌಪುಂಕ್ಟ್ ಎಲ್ಲವೂ.

ಬಟ್ಟೆಯ ಹಿಂದೆ ಏನಿತ್ತು?

ಸ್ಪೀಕರ್ ಕೆಲಸ ಮಾಡುವ ಬಗೆಯನ್ನು ಸರಳವಾಗಿ ನೋಡೋಣ. ತಂತಿಯ ಸುರುಳಿಯೊಂದು ಅಯಸ್ಕಾಂತದ ಸಂದಿಯಲ್ಲಿ ಕೂತಿರುತ್ತದೆ. ಅದಕ್ಕೆ ಕಾಗದದ ಶಂಕು ಅಂಟಿರುತ್ತದೆ. ಹಾಡಿನ ಕರೆಂಟು ಹರಿದಂತೆ ಸುರುಳಿ ಮುಂದಕ್ಕೂ ಹಿಂದಕ್ಕೂ ಅಲುಗುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ. ಅಷ್ಟೇ.

ತೊಂದರೆ ಇರುವುದು ಇಲ್ಲಿ. ಶಂಕು ಮುಂದಿನ ಗಾಳಿಯನ್ನು ತಳ್ಳುವಾಗ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಮುಂದಿನ ಅಲೆ ಮತ್ತು ಹಿಂದಿನ ಅಲೆ ಒಂದಕ್ಕೊಂದು ತಿರುಗುಮುರುಗು. ಎರಡೂ ಸೇರಿದರೆ ಒಂದನ್ನೊಂದು ತಿಂದು ಹಾಕುತ್ತವೆ. ಸಣ್ಣ ಸ್ವರದ ಅಲೆ ಗಿಡ್ಡ. ಸೆಕೆಂಡಿಗೆ 5,000 ಕಂಪನದ ಅಲೆ ಬರೀ 7 ಸೆಂಟಿಮೀಟರ್. ಅದು ಪೆಟ್ಟಿಗೆ ಬಳಸಿಕೊಂಡು ಬಂದು ತೊಂದರೆ ಕೊಡುವುದಿಲ್ಲ. ದಪ್ಪ ಸ್ವರದ ಅಲೆ ಉದ್ದ. 100 ಕಂಪನದ ಅಲೆ ಸುಮಾರು 3.4 ಮೀಟರ್. ಅದು ಸಣ್ಣ ಪೆಟ್ಟಿಗೆಯನ್ನು ಸಲೀಸಾಗಿ ಬಳಸಿ ಬರುತ್ತದೆ. ಗದ್ದೆಯ ಬದು ಗಿಡ್ಡವಾಗಿದ್ದರೆ ನೀರು ಪಕ್ಕದಿಂದ ಸುತ್ತಿಕೊಂಡು ಹೋಗುವುದಿಲ್ಲವೇ? ಹಾಗೆಯೇ. ಆದ್ದರಿಂದಲೇ ಮೇಜಿನ ಮೇಲಿಡುವ ಸಣ್ಣ ರೇಡಿಯೊದಲ್ಲಿ ಮೃದಂಗದ ಎಡಗಡೆಯ ಗುಮ್ಮು ಸರಿಯಾಗಿ ಕೇಳುವುದಿಲ್ಲ.

ರೇಡಿಯೊಗ್ರಾಮಿನ ಬೀರುವಿನಂಥ ಗಾತ್ರ ಬರೀ ಶೋಕಿಗಲ್ಲ. ಅದು ಉದ್ದನೆಯ ಬದು. ಮುಂದಿನ ಅಲೆಗೂ ಹಿಂದಿನ ಅಲೆಗೂ ನಡುವೆ ದೂರ ಹೆಚ್ಚಿದಷ್ಟೂ ದಪ್ಪ ಸ್ವರ ಉಳಿಯುತ್ತದೆ. ಪೆಟ್ಟಿಗೆಯ ಬೆನ್ನಿಗೆ ತೂತುಗಳಿರುವ ತೆಳು ಹಲಗೆ ಮಾತ್ರ ಇರುತ್ತಿತ್ತು. ವಾಲ್ವುಗಳ ಬಿಸಿ ಹೊರಹೋಗಲು ಅದು ಬೇಕಿತ್ತು. ಅದನ್ನು ಗೋಡೆಯ ಹತ್ತಿರ, ಮೂಲೆಗೆ ಇಟ್ಟರೆ ಗೋಡೆಯೂ ನೆಲವೂ ಸೇರಿ ಗುಮ್ಮು ಇನ್ನಷ್ಟು ತುಂಬಿಕೊಳ್ಳುತ್ತಿತ್ತು.

ಸ್ಪೀಕರಿನ ಆಕಾರ ನೋಡಿ. ಬಹಳಷ್ಟು ಸೆಟ್ಟುಗಳಲ್ಲಿ ಅದು ದುಂಡಗಿರದೆ ಮೊಟ್ಟೆಯಾಕಾರದಲ್ಲಿತ್ತು. ಸ್ಟೇಷನ್ ಪಟ್ಟಿಯ ಮೇಲೋ ಕೆಳಗೋ ಸಿಗುವ ಗಿಡ್ಡ ಜಾಗದಲ್ಲಿ ಆದಷ್ಟೂ ದೊಡ್ಡ ಶಂಕು ಹಿಡಿಸುವ ಉಪಾಯ ಅದು. 1954ರ ಸುಮಾರಿಗೆ ಜರ್ಮನ್ ಕಂಪನಿಗಳು ‘3ಡಿ ಧ್ವನಿ’ ಎಂದು ಜಾಹೀರಾತು ಹಾಕತೊಡಗಿದವು. ಮುಂದೆ ದಪ್ಪ ಸ್ವರಕ್ಕೆ ದೊಡ್ಡ ಸ್ಪೀಕರು, ಪೆಟ್ಟಿಗೆಯ ಎರಡು ಪಕ್ಕಗಳಲ್ಲಿ ಸಣ್ಣ ಸ್ವರಕ್ಕೆ ಪುಟ್ಟ ಸ್ಪೀಕರುಗಳು. ಸಣ್ಣ ಸ್ವರ ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ, ಎದುರು ಕೂತವರಿಗೆ ಮಾತ್ರ ಚೆನ್ನಾಗಿ ಕೇಳುತ್ತದೆ. ಪಕ್ಕಕ್ಕೆ ಬಿಟ್ಟರೆ ಗೋಡೆಗೆ ಬಡಿದು ಕೋಣೆಯೆಲ್ಲ ಹರಡುತ್ತದೆ. ನಿಜವಾದ ಸ್ಟೀರಿಯೊ ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಆಮೇಲೆ ರೇಡಿಯೊಗ್ರಾಮ್ ಇನ್ನಷ್ಟು ಅಗಲವಾಗಿ, ಎರಡು ತುದಿಗೆ ಎರಡು ಸ್ಪೀಕರ್ ಗುಂಪು ಬಂದವು.

ಶಕ್ತಿ ಎಷ್ಟಿತ್ತು ಗೊತ್ತೇ? ಒಂದು ವಾಲ್ವಿನಿಂದ ಸಾಮಾನ್ಯವಾಗಿ 5 ವ್ಯಾಟ್ ಆಸುಪಾಸು. ಈಗಿನ ಆಟೋದ ಸ್ಪೀಕರಿನ ಮೇಲೆ ನೂರಾರು ವ್ಯಾಟ್ ಎಂದು ಬರೆದಿರುತ್ತದೆ. ಆದರೆ ಹಳೆಯ ಶಂಕು ಹಗುರ ಕಾಗದದ್ದು, ಅಯಸ್ಕಾಂತ ಬಲವಾದದ್ದು. ಸ್ವಲ್ಪ ಶಕ್ತಿಗೇ ಬಾಯಿಬಿಡುತ್ತಿತ್ತು. ಐದು ವ್ಯಾಟಿಗೆ ಒಂದು ಕೋಣೆ ತುಂಬುತ್ತಿತ್ತು.

ಇನ್ನೊಂದು ಕಷ್ಟವಿತ್ತು. ಸ್ಪೀಕರೂ ಪ್ಲೇಟೂ ಒಂದೇ ಪೆಟ್ಟಿಗೆಯಲ್ಲಿ. ಸ್ಪೀಕರಿನ ಅದುರು ಮರದ ಮೂಲಕ ಮುಳ್ಳಿಗೆ ತಲುಪಿದರೆ, ಮುಳ್ಳು ಅದನ್ನೇ ಮತ್ತೆ ಆಂಪ್ಲಿಫೈಯರಿಗೆ ಕಳಿಸಿದರೆ, ಅದು ಸುತ್ತಿ ಸುತ್ತಿ ಗೂಳಿಯಂತೆ ಗುಟುರು ಹಾಕುತ್ತದೆ. ಗಣೇಶನ ಪೆಂಡಾಲಿನಲ್ಲಿ ಮೈಕು ಸ್ಪೀಕರಿನ ಹತ್ತಿರ ಹೋದಾಗ ‘ಕುಂಯ್’ ಎನ್ನುವುದೂ ಇದೇ ರೋಗ. ಅದಕ್ಕಾಗಿ ಪ್ಲೇಟಿನ ಯಂತ್ರವನ್ನು ಸ್ಪ್ರಿಂಗುಗಳ ಮೇಲೆ ತೂಗುಬಿಡುತ್ತಿದ್ದರು.

ಇಷ್ಟೆಲ್ಲ ಒಳಗಿನದು. ಹೊರಗೆ ಹೊಳೆಯುವ ಪಾಲಿಶ್, ಜರಿ ಎಳೆ ಸೇರಿಸಿ ನೇಯ್ದ ಸ್ಪೀಕರ್ ಬಟ್ಟೆ, ಹಿತ್ತಾಳೆ ಬಣ್ಣದ ಅಂಚುಪಟ್ಟಿ, ಹಾರ್ಮೋನಿಯಂ ಮನೆಯಂಥ ಬಿಳಿ ಗುಂಡಿಗಳು, ಸ್ಟೇಷನ್ ಸರಿಯಾಗಿ ಸಿಕ್ಕಾಗ ಕೂಡಿಕೊಳ್ಳುವ ಹಸಿರು ಕಣ್ಣು. ಇವುಗಳ ನಡುವೆ ಒಂದು ಮೂಲೆಯಲ್ಲಿ ನೀಲಿ ಚುಕ್ಕೆ.

ಲಂಡನ್ನಿನ ಮುಂದಿನ ಕೋಣೆ

1948ರ ಜೂನ್ 22ರಂದು ‘ಎಂಪೈರ್ ವಿಂಡ್‌ರಷ್’ ಎಂಬ ಹಡಗಿನಿಂದ ಕೆರಿಬಿಯನ್ ದ್ವೀಪಗಳ ನೂರಾರು ಜನ ಲಂಡನ್ ಹತ್ತಿರದ ಟಿಲ್‌ಬರಿ ಬಂದರಿನಲ್ಲಿ ಇಳಿದರು. ನಮ್ಮಂತೆಯೇ ಬ್ರಿಟಿಷರ ಆಳ್ವಿಕೆ ಕಂಡ ನಾಡು ಅವರದು. ಯುದ್ಧದಿಂದ ಜರ್ಜರಿತವಾದ ಬ್ರಿಟನ್ನಿಗೆ ಕೆಲಸಗಾರರು ಬೇಕಿತ್ತು. ಬಸ್ಸು, ರೈಲು, ಆಸ್ಪತ್ರೆ, ಕಾರ್ಖಾನೆ. 1956ರಿಂದ ಲಂಡನ್ ಸಾರಿಗೆ ಸಂಸ್ಥೆ ಬಾರ್ಬಡೋಸ್‌ಗೇ ಹೋಗಿ ಜನರನ್ನು ಆರಿಸಿ ತಂದಿತು.

ಕೆಲಸಕ್ಕೆ ಬೇಕು, ಪಕ್ಕದ ಮನೆಗೆ ಬೇಡ. ‘ಕಪ್ಪು ಜನರಿಗೆ ಬಾಡಿಗೆಗಿಲ್ಲ’ ಎಂಬ ಬೋರ್ಡುಗಳು ಕಿಟಕಿಗಳಲ್ಲಿ ನೇತಾಡುತ್ತಿದ್ದವು. ಹೆಂಡದಂಗಡಿ, ನೃತ್ಯಶಾಲೆಗಳು ಬಾಗಿಲಲ್ಲೇ ತಡೆಯುತ್ತಿದ್ದವು. ಕ್ಷೌರದಂಗಡಿ, ಹೋಟೆಲ್ ಬಾಗಿಲಲ್ಲಿ ನಿಂತು ಮರಳಿದ ನೆನಪು ನಮ್ಮ ಊರುಗಳ ಕೇರಿಗಳಲ್ಲೂ ಇದೆ. ಆ ಅವಮಾನ ಯಾವ ಬಗೆಯದು ಎಂದು ನಮಗೆ ಯಾರೂ ವಿವರಿಸಬೇಕಿಲ್ಲ. 1958ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್ ಪ್ರದೇಶದಲ್ಲಿ ಬಿಳಿ ಪುಂಡರ ಗುಂಪುಗಳು ಇವರ ಮನೆಗಳ ಮೇಲೆ ದಾಳಿ ಮಾಡಿದವು. ಸಾರ್ವಜನಿಕ ಜಾಗಗಳಲ್ಲಿ ಜನಾಂಗ ಭೇದ ತಪ್ಪು ಎಂಬ ಕಾನೂನು ಬಂದದ್ದು 1965ರಲ್ಲಿ. ಬಾಡಿಗೆ ಮನೆ, ಉದ್ಯೋಗಗಳಿಗೆ ಅದು ಅನ್ವಯಿಸಿದ್ದು 1968ರಲ್ಲಿ.

ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುವಾಗ ಅವರು ತಮ್ಮೂರಿನ ಪದ್ಧತಿಯನ್ನೇ ನೆಚ್ಚಿಕೊಂಡರು. ಅದರ ಹೆಸರು ‘ಪಾರ್ಡ್‌ನರ್’. ಹತ್ತಿಪ್ಪತ್ತು ಜನ ವಾರಕ್ಕಿಷ್ಟು ಎಂದು ಹಾಕುವುದು, ಸರದಿಯಂತೆ ಒಬ್ಬೊಬ್ಬರು ಇಡೀ ಮೊತ್ತ ಎತ್ತುವುದು. ಓದುತ್ತಿದ್ದಂತೆಯೇ ನಿಮಗೆ ಗೊತ್ತಾಗಿರುತ್ತದೆ, ಇದು ನಮ್ಮ ಚೀಟಿ. ಪಾರ್ಡ್‌ನರ್ ಹಣದಿಂದ ಹಡಗಿನ ಟಿಕೆಟ್ಟು, ಹಳೆಯ ಮನೆಯ ಮುಂಗಡ, ಕೋಣೆಯ ಸಾಮಾನು ಬಂದವು. ಸಾಮಾನುಗಳಲ್ಲಿ ಮೊದಲ ಸಾಲಿನಲ್ಲಿದ್ದದ್ದು ರೇಡಿಯೊಗ್ರಾಮ್. ಅದು ಹಲವು ವಾರಗಳ ಕೂಲಿ ನುಂಗುವ ವಸ್ತು. ಎಷ್ಟೋ ಮಂದಿ ಕಂತಿನ ಮೇಲೆ ತಂದರು.

ಮನೆಯ ಮುಂದಿನ ಕೋಣೆ ಅವರ ಪಡಸಾಲೆ. ಬಣ್ಣದ ವಾಲ್‌ಪೇಪರ್, ಗಂಜಿ ಹಾಕಿದ ಕ್ರೋಶಾ ಬಟ್ಟೆಗಳು, ಪ್ಲಾಸ್ಟಿಕ್ ಹೂವು, ಏಸುವಿನ ಚಿತ್ರ, ಗಾಜಿನ ಬೊಂಬೆಗಳು. ಮಕ್ಕಳು ಸುಮ್ಮನೆ ಒಳಗೆ ಕಾಲಿಡುವ ಹಾಗಿಲ್ಲ. ನಂಟರು ಬಂದಾಗ, ಭಾನುವಾರ, ಹಬ್ಬದ ದಿನ ಮಾತ್ರ. ಶೋಕೇಸಿನ ಕಪ್ಪು ಬಸಿಗಳನ್ನು ಮುಟ್ಟಲು ಬಿಡದ ನಮ್ಮ ಅಮ್ಮಂದಿರನ್ನು ನೆನೆಸಿಕೊಳ್ಳಿ. ಆ ಕೋಣೆಯ ನಡುವೆ ಮನೆಯ ಹಿರಿಯನಂತೆ ಕೂತಿದ್ದದ್ದು ರೇಡಿಯೊಗ್ರಾಮ್. ಇಡೀ ವಾರ ಬೇರೆಯವರ ನೆಲ ಒರೆಸಿ, ಬೇರೆಯವರ ಟಿಕೆಟ್ ಹರಿದು ಬಂದವರು ಇಲ್ಲಿ ಯಜಮಾನರಾಗಿ ಕೂರುತ್ತಿದ್ದರು.

ಭಾನುವಾರ ಬೆಳಿಗ್ಗೆ ಭಕ್ತಿಗೀತೆ, ಅಮೆರಿಕದ ಜಿಮ್ ರೀವ್ಸ್‌ನ ಮೆಲುದನಿಯ ಹಾಡುಗಳು. ಶನಿವಾರ ರಾತ್ರಿ ಬೇರೆಯೇ ಲೋಕ. ನೃತ್ಯಶಾಲೆಯ ಬಾಗಿಲು ಮುಚ್ಚಿದ್ದರೆ ಏನಂತೆ? ಕುರ್ಚಿ ಮೇಜು ಹೊರಗಿಟ್ಟು ಮನೆಯನ್ನೇ ನೃತ್ಯಶಾಲೆ ಮಾಡಿದರು. ಜಮೈಕಾದಿಂದ ಬಂದ ಹೊಸ ‘ಸ್ಕಾ’ ಸಂಗೀತದ ಪ್ಲೇಟುಗಳು ಬೆಳಗಿನವರೆಗೆ ತಿರುಗಿದವು. 1964ರಲ್ಲಿ ಮಿಲಿ ಸ್ಮಾಲ್ ಎಂಬ ಜಮೈಕಾದ ಹುಡುಗಿಯ ಸ್ಕಾ ಹಾಡೊಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಮನೆಯ ಮುಂದಿನ ಕೋಣೆಯಲ್ಲಿ ಬೆಳೆದ ದನಿ ದೇಶದ ಬೀದಿಗೆ ಬಂದಿತ್ತು.

‘ಬ್ಲೂ ಸ್ಪಾಟ್’

ಈ ಜನರ ಬಾಯಲ್ಲಿ ಬ್ಲೌಪುಂಕ್ಟ್ ‘ಬ್ಲೂ ಸ್ಪಾಟ್’ ಆಯಿತು. ಜರ್ಮನ್ ಹೆಸರು ನಾಲಿಗೆಗೆ ಹೊರಳದು, ಚುಕ್ಕೆ ಕಣ್ಣಿಗೆ ಕಾಣುತ್ತದೆ. ‘ಅವರ ಮನೆಯಲ್ಲಿ ಬ್ಲೂ ಸ್ಪಾಟ್ ಇದೆ’ ಎಂದರೆ ಅದೊಂದು ಅಂತಸ್ತಿನ ಮಾತು. ಬರ್ಲಿನ್ನಿನ ಗಿರಾಕಿಗಳು ನಲವತ್ತು ವರ್ಷ ಹಿಂದೆ ಮಾಡಿದ್ದನ್ನೇ ಲಂಡನ್ನಿನ ಜಮೈಕನ್ನರು ಮತ್ತೆ ಮಾಡಿದರು. ಹೆಸರನ್ನು ಬಿಟ್ಟು ಚುಕ್ಕೆಯನ್ನು ಹಿಡಿದರು.

ಅದನ್ನೇ ಆರಿಸಿಕೊಳ್ಳಲು ಕಿವಿಯ ಕಾರಣವೂ ಇತ್ತು. ಜಮೈಕಾದ ಜನರಿಗೆ ಗುಮ್ಮುವ ದಪ್ಪ ಸ್ವರದ ರುಚಿ ಮೊದಲೇ ಹತ್ತಿತ್ತು. ಅಲ್ಲಿ ಬಡವರಿಗೆ ರೇಡಿಯೊ, ಪ್ಲೇಟು ದುಬಾರಿ. ಬಯಲಿನಲ್ಲಿ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಜೋಡಿಸಿ ನೂರಾರು ಜನರನ್ನು ಕುಣಿಸುವ ‘ಸೌಂಡ್ ಸಿಸ್ಟಮ್’ ಪದ್ಧತಿ ಕಿಂಗ್‌ಸ್ಟನ್ ನಗರದಲ್ಲಿ ಬೆಳೆದಿತ್ತು. ನಮ್ಮ ಜಾತ್ರೆಗಳ ಸೌಂಡ್ಸ್‌ನವರನ್ನು ನೆನೆಸಿಕೊಂಡರೆ ಸಾಕು. ಅಲ್ಲಿ ಮೊದಲು ಒಳ್ಳೆಯ ಆಂಪ್ಲಿಫೈಯರ್ ಕಟ್ಟಿದವರಲ್ಲಿ ಹೆಡ್ಲಿ ಜೋನ್ಸ್ ಒಬ್ಬರು. ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ರೇಡಾರ್ ಕೆಲಸ ಕಲಿತು, ಊರಿಗೆ ಮರಳಿ ಆ ವಿದ್ಯೆಯನ್ನು ಸಂಗೀತಕ್ಕೆ ಹಾಕಿದವರು. 1950ರ ದಶಕದಲ್ಲಿ ಡ್ಯೂಕ್ ವಿನ್ ಎಂಬುವರು ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ ಅಂಥ ಸೌಂಡ್ ಸಿಸ್ಟಮ್ ಶುರು ಮಾಡಿದರು. ಬಯಲಿನ ಆ ಗುಮ್ಮನ್ನು ಮನೆಯೊಳಗೆ ತಕ್ಕಮಟ್ಟಿಗೆ ಕೊಡುತ್ತಿದ್ದದ್ದು ದೊಡ್ಡ ಪೆಟ್ಟಿಗೆಯ, ಅಗಲ ಶಂಕುವಿನ ರೇಡಿಯೊಗ್ರಾಮ್.

ಹೊರಗೆ ಒಂದು ಹೆಸರು, ಒಳಗೆ ಹಲವು

ಹಳೆಯ ರೇಡಿಯೊಗ್ರಾಮಿನ ಬೆನ್ನು ತೆಗೆದರೆ ಹಲವು ಹೆಸರುಗಳು ಕಾಣುತ್ತವೆ. ಬ್ರಿಟಿಷ್ ಸೆಟ್ಟಾದರೆ ಪ್ಲೇಟು ತಿರುಗಿಸುವ ಯಂತ್ರ ಗ್ಯಾರಾರ್ಡ್ ಅಥವಾ ಬಿಎಸ್‌ಆರ್ ಕಂಪನಿಯದು, ವಾಲ್ವು ಮುಲ್ಲಾರ್ಡ್ ಕಂಪನಿಯದು, ಸ್ಪೀಕರು ಸೆಲೆಸ್ಟಿಯನ್, ಗುಡ್‌ಮನ್ಸ್ ಅಥವಾ ಪ್ಲೆಸಿಯದು ಇರಬಹುದು. ಮರದ ಪೆಟ್ಟಿಗೆಯ ಮೇಲೆ ಇನ್ನೊಬ್ಬರ ಹೆಸರು. ಬಸ್ಸಿನ ಚಾಸಿ ಒಬ್ಬರದು, ಬಾಡಿ ಕಟ್ಟಿದವರು ಇನ್ನೊಬ್ಬರು, ಮೇಲಿನ ಬೋರ್ಡು ಮತ್ತೊಬ್ಬರದು ಇದ್ದ ಹಾಗೆ. ಇದರಲ್ಲಿ ಮೋಸವೇನಿಲ್ಲ. ಎಲ್ಲವನ್ನೂ ಸೇರಿಸಿ, ಪರೀಕ್ಷಿಸಿ, ಕೆಟ್ಟರೆ ಉತ್ತರ ಹೇಳುವ ಜವಾಬ್ದಾರಿ ಹೊರುವವರ ಹೆಸರು ಹೊರಗಿರುತ್ತಿತ್ತು.

1970ರ ದಶಕದಲ್ಲಿ ಟ್ರಾನ್ಸಿಸ್ಟರ್, ಕ್ಯಾಸೆಟ್ಟು, ಜಪಾನಿನ ಬಿಡಿಬಿಡಿ ಸೆಟ್ಟುಗಳು ಬಂದವು. ರೇಡಿಯೊಗ್ರಾಮ್‌ಗಳು ಮೂಲೆ ಸೇರಿದವು. ಕೆಲವನ್ನು ಒಳಗಿನದನ್ನೆಲ್ಲ ಕಿತ್ತು ಬಾಟಲಿ ಇಡುವ ಕಪಾಟು ಮಾಡಿಕೊಂಡರು. ಬ್ಲೌಪುಂಕ್ಟ್ ಕಾರಿನ ರೇಡಿಯೊಗಳಿಂದ ಬದುಕಿತು. 2009ರಲ್ಲಿ ಬಾಷ್ ಅದನ್ನು ಮಾರಿಬಿಟ್ಟಿತು. 2015ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಆದರೆ ಚುಕ್ಕೆ ಸಾಯಲಿಲ್ಲ. ಹೆಸರು ಬಳಸುವ ಹಕ್ಕನ್ನು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಕಂಪನಿಗಳು ಪಡೆದಿವೆ. ನಿಮ್ಮ ಮೊಬೈಲಿನ ಶಾಪಿಂಗ್ ಆ್ಯಪ್‌ನಲ್ಲಿ ಹುಡುಕಿದರೆ ಆ ಹೆಸರಿನ ಟಿವಿ, ಸ್ಪೀಕರ್ ಸಿಗುತ್ತವೆ. ಅವು ಕೆಟ್ಟವು ಎಂದು ನಾವು ಹೇಳುತ್ತಿಲ್ಲ. ಆದರೆ 1924ರಲ್ಲಿ ಆ ಚುಕ್ಕೆಯ ಅರ್ಥ ‘ಇದನ್ನು ಒಬ್ಬರು ಕಿವಿಗೆ ಹಿಡಿದು ನೋಡಿದ್ದಾರೆ’ ಎಂದಿತ್ತು. ಈಗ ಅದರ ಅರ್ಥ ‘ಈ ಹೆಸರು ಬಳಸಲು ಒಬ್ಬರು ಹಣ ಕಟ್ಟಿದ್ದಾರೆ’ ಎಂದು. ಬೇರೆ ಎಷ್ಟೋ ಹಳೆಯ ಹೆಸರುಗಳ ಕಥೆಯೂ ಇದೇ. ಹಾಗಾಗಿ ಕೊಳ್ಳುವ ಮುಂಚೆ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ತಯಾರಕರು ಯಾರು, ವಾರಂಟಿ ಯಾರದು, ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿ ಎಂದು ನೋಡಿ. ಅಲ್ಲಿರುವುದೇ ಇಂದಿನ ಚುಕ್ಕೆ.

ಇನ್ನು ಹಳೆಯ ಮನೆಯ ಅಟ್ಟದಲ್ಲಿ ವಾಲ್ವ್ ರೇಡಿಯೊವೋ ರೇಡಿಯೊಗ್ರಾಮೋ ಇದ್ದರೆ ಒಂದು ಮಾತು. ಧೂಳು ಒರೆಸಿ ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಒಳಗೆ 250 ವೋಲ್ಟಿಗೂ ಮೀರಿದ ಕರೆಂಟು ಓಡಾಡುತ್ತದೆ, ಹಳೆಯ ಕೆಪಾಸಿಟರ್‌ಗಳು ಸಿಡಿಯಬಹುದು. ಆಫ್ ಮಾಡಿದ ಮೇಲೂ ಅವುಗಳಲ್ಲಿ ಕರೆಂಟು ಉಳಿದಿರುತ್ತದೆ. ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಿ. ಸ್ಪೀಕರಿನ ಕಾಗದವನ್ನು ಬೆರಳಿನಿಂದ ಒತ್ತಬೇಡಿ, ಒಣಗಿದ ಕಾಗದ ಹಪ್ಪಳದಂತೆ ಮುರಿಯುತ್ತದೆ. ಅಯಸ್ಕಾಂತದ ಹಿಂದೆ ಅಚ್ಚಾದ ಹೆಸರು, ಸಂಖ್ಯೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಗುಜರಿಗೆ ಹಾಕುವ ಮುಂಚೆ ಅದು ಮನೆಗೆ ಹೇಗೆ ಬಂತು, ಯಾವ ಬೆಳೆಯ ದುಡ್ಡಿನಿಂದ, ಯಾರ ಸಂಬಳದಿಂದ ಎಂದು ಹಿರಿಯರನ್ನು ಕೇಳಿ ಬರೆದಿಡಿ.

ಲಂಡನ್ನಿನ ಕಪ್ಪು ಜನರ ಮಕ್ಕಳು ಹಾಗೆ ಮಾಡಿದರು. ಮೈಕೆಲ್ ಮ್ಯಾಕ್‌ಮಿಲನ್ ಎಂಬ ಲೇಖಕರು 2005ರಲ್ಲಿ ಲಂಡನ್ನಿನ ಜೆಫ್ರಿ ಮ್ಯೂಸಿಯಂನಲ್ಲಿ ಆ ಮುಂದಿನ ಕೋಣೆಯನ್ನು ಹಾಗೆಯೇ ಜೋಡಿಸಿ ಪ್ರದರ್ಶನಕ್ಕಿಟ್ಟರು. ‘ಮ್ಯೂಸಿಯಂ ಆಫ್ ದಿ ಹೋಮ್’ ಎಂದು ಹೆಸರು ಬದಲಿಸಿಕೊಂಡಿರುವ ಅದೇ ಜಾಗದಲ್ಲಿ, 1976ರ ಕಾಲದ ಅಂಥದೇ ಕೋಣೆಯೊಂದನ್ನು 2021ರಲ್ಲಿ ತೆರೆಯಲಾಯಿತು. ಈ ಎರಡರ ನಡುವೆ, 2018ರಲ್ಲಿ, ಒಂದು ದೊಡ್ಡ ಅನ್ಯಾಯ ಬಯಲಾಯಿತು. ಮಕ್ಕಳಾಗಿದ್ದಾಗ ಬಂದು, ಇಡೀ ಬದುಕು ಬ್ರಿಟನ್ನಿನಲ್ಲಿ ದುಡಿದ ಕೆರಿಬಿಯನ್ ಮೂಲದ ಜನರನ್ನು ‘ನೀವು ಇಲ್ಲಿಯವರೆಂದು ಕಾಗದ ತೋರಿಸಿ’ ಎಂದು ಸರ್ಕಾರವೇ ಪೀಡಿಸಿತ್ತು. ಕೆಲವರನ್ನು ಬಂಧಿಸಿತ್ತು, ಕೆಲವರನ್ನು ಗಡೀಪಾರು ಮಾಡಿತ್ತು. ಕೊನೆಗೆ ಸರ್ಕಾರ ಕ್ಷಮೆ ಕೇಳಬೇಕಾಯಿತು.

ಅವರ ಅಪ್ಪ ಅಮ್ಮಂದಿರು ಬ್ಲೂ ಸ್ಪಾಟಿನ ಕಂತು ಕಟ್ಟುವಾಗ, ಆ ಭಾರದ ಪೆಟ್ಟಿಗೆಯನ್ನು ನಾಲ್ಕು ಜನ ಹೊತ್ತು ಒಳಗೆ ತಂದಾಗ, ತಾವು ಇಲ್ಲೇ ಬಾಳುವವರು ಎಂದು ತೀರ್ಮಾನಿಸಿಯಾಗಿತ್ತು. ಎರಡು ದಿನಕ್ಕೆ ಬಂದವರು ಅಂಥ ಸಾಮಾನು ಕೊಳ್ಳುವುದಿಲ್ಲ.